ಅಲ್ಸೀಡನ ಜನರೇಟರ್

ಶವಪೆಟ್ಟಿಗೆಯನ್ನು ಚರ್ಚಿನ ಮೆಟ್ಟಿಲಿಳಿಸುವಾಗ ಭಾರವೆಲ್ಲ ಕ್ಲೋವಿಸನ ಕೈಗೇ ಬಿತ್ತು. ಸತ್ತ ಮೇಲೂ ಈ ಅಲ್ಸೀಡ್ ನನ್ನನ್ನು ಬಿಡಲಿಲ್ಲವಲ್ಲ ಎಂದು ಅವನು ಹಲ್ಲು ಕಚ್ಚಿದ. ತಿರುಗಿ ನೋಡಿದರೆ ರಸ್ತೆಯ ತನಕ ಜನ. ಒಬ್ಬ ದೋಣಿ ರಿಪೇರಿಯವನಿಗೆ ಇಷ್ಟು ಜನವೇ! ಪಕ್ಕದ ಮನೆಯವನಾಗಿ ಇದನ್ನೂ ನೋಡಬೇಕಾಯಿತು.

ಮಣ್ಣು ಮುಗಿಸಿ ಎಲ್ಲರೂ ಅಲ್ಸೀಡನ ಮನೆಗೆ ಬಂದರು. ಅವನ ಹೆಂಡತಿ ಓಡೀಲ್ ಸೀಗಡಿ ಹಾಕಿದ ಗಂಬೋ ಸಾರು ಬಡಿಸಲು ನಿಂತಳು.

"ಆ ಚಂಡಮಾರುತದಲ್ಲಿ ಬೀದಿಗೆಲ್ಲ ಬೆಳಕಿದ್ದದ್ದು ಈ ಮನೇಲಿ ಮಾತ್ರ," ಎಂದಳು ಕ್ಲೋವಿಸನ ಹೆಂಡತಿ ವರ್ಲೀನ್. "ನಮ್ಮದೂ ಇತ್ತಪ್ಪ ಜನರೇಟರು, ಕೊಟ್ಟಿಗೆಯಷ್ಟು ದೊಡ್ಡದು. ಕಪ್ಪೆ ಸಾಕೋಕೆ!"

ಎಲ್ಲರೂ ನಕ್ಕರು. ಕ್ಲೋವಿಸನೂ ನಗಬೇಕಾಯಿತು.

*

ಇಬ್ಬರೂ ಜನರೇಟರು ಕೊಂಡದ್ದು ಒಂದೇ ಬೇಸಿಗೆಯಲ್ಲಿ. ಫ್ರಿಜ್ಜು, ಪಂಪು, ಒಂದು ಕೋಣೆಯ ಏಸಿ, ಇಷ್ಟು ಓಡಿದರೆ ಸಾಕೆಂದು ಅಲ್ಸೀಡ್ ಚಿಕ್ಕದನ್ನೇ ಆರಿಸಿ, ಎದೆಯೆತ್ತರದ ಮರದ ಅಟ್ಟಣೆಯ ಮೇಲೆ ಕೂರಿಸಿದ. ಕ್ಲೋವಿಸ್ ಅದರ ಎರಡರಷ್ಟು ದೊಡ್ಡದನ್ನು ತಂದು, ದಾರಿಹೋಕರಿಗೆಲ್ಲ ಕಾಣಲೆಂದು ಹುಲ್ಲಿನ ಮೇಲಿಟ್ಟ.

"ಇದು ಲೂಸಿಯಾನಾ ಕಣೋ, ನೀರು ಬರುತ್ತೆ," ಎಂದ ಅಲ್ಸೀಡ್.

"ಹೊಟ್ಟೆಕಿಚ್ಚಾ ನಿಂಗೆ?" ಎಂದ ಕ್ಲೋವಿಸ್.

ಕೂತು ಕೆಡದಿರಲೆಂದು ಅಲ್ಸೀಡನದು ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ತಾನಾಗಿ ಶುರುವಾಗಿ, ಸ್ವಲ್ಪ ಹೊತ್ತು ಓಡಿ ನಿಲ್ಲುತ್ತಿತ್ತು. ಅವನು ಎಣ್ಣೆ ನೋಡುತ್ತ, ಇರುವೆ ಗೂಡು ಕೆರೆಯುತ್ತ ಪಕ್ಕದಲ್ಲೇ ನಿಂತಿರುತ್ತಿದ್ದ. ಕ್ಲೋವಿಸ್ ಮಾತ್ರ ಟೀವಿ ಕೇಳಿಸುವುದಿಲ್ಲವೆಂದು ತನ್ನದರ ಶನಿವಾರದ ಓಟವನ್ನೇ ನಿಲ್ಲಿಸಿಬಿಟ್ಟಿದ್ದ.

ಚಂಡಮಾರುತ ಬೀಸಿ ಕರೆಂಟು ಹೋಯಿತು. ನೀರು ಬಂತು. ದೊಡ್ಡದು ಮುಳುಗಿತು. ವರ್ಲೀನ್ ದಿಂಬು ಎತ್ತಿಕೊಂಡು ಅಲ್ಸೀಡನ ಮನೆಯ ತಣ್ಣನೆ ಕೋಣೆಗೆ ಹೋದಳು. ಕ್ಲೋವಿಸ್ ಕತ್ತಲಲ್ಲಿ ಸೊಳ್ಳೆ ಹೊಡೆಯುತ್ತ ಆ ಮನೆಯ ಕಿಟಕಿಯ ಬೆಳಕನ್ನೇ ನೋಡಿದ. ಆಮೇಲೆ ಹೊಸದು ಕೊಂಡು, ಅಲ್ಸೀಡನ ಅಟ್ಟಣೆಗಿಂತ ಒಂದಡಿ ಎತ್ತರಕ್ಕೇ ಕಟ್ಟಿಸಿದ.

*

"ಸ್ವಲ್ಪ ಸುಮ್ನಿರಿ," ಎಂದಳು ಓಡೀಲ್, ಸೌಟು ಹಿಡಿದುಕೊಂಡೇ. "ಶನಿವಾರ ಅಲ್ವಾ, ಹನ್ನೆರಡಾಯ್ತು. ಅವನದು ಶುರುವಾಗುತ್ತೆ."

ಮನೆಯೆಲ್ಲ ಕಿವಿಯಾಯಿತು. ಏನೂ ಕೇಳಿಸಲಿಲ್ಲ.

ಕ್ಲೋವಿಸ್ ಹಿತ್ತಲಿಗೆ ಜಾರಿ, ಜನರೇಟರಿನ ಮುಚ್ಚಳ ಎತ್ತಿ ಗುಂಡಿ ಒತ್ತಿದ. ಟಕ್ ಎಂದಿತು, ಅಷ್ಟೆ. ಅಲ್ಸೀಡ್ ಆಸ್ಪತ್ರೆ ಸೇರಿದ ಮೇಲೆ ಯಾರೂ ಇತ್ತ ಬಂದಿರಲಿಲ್ಲ, ಬ್ಯಾಟರಿ ಸತ್ತಿತ್ತು. ಕ್ಲೋವಿಸನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕೊನೆಗೂ ಕೈಕೊಟ್ಟಿತಲ್ಲ, ಅದೂ ಊರೆಲ್ಲ ಸೇರಿರುವಾಗ! ಒಳಗೆ ಹೋಗಿ ಹೇಳಿದರೆ ಮುಗಿಯಿತು.

ಅಡುಗೆಮನೆಯ ಕಿಟಕಿಯಲ್ಲಿ ಓಡೀಲ್ ಕಂಡಳು. "ನಮ್ಮ ಗಡಿಯಾರ ಮುಂದಿದೆ ಅನ್ಸುತ್ತೆ," ಎನ್ನುತ್ತಿದ್ದಳು. ಸೌಟನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

ಕ್ಲೋವಿಸ್ ಅಲ್ಸೀಡನಿಗೊಂದು ಬೈಗುಳ ಬೈದು, ಬೇಲಿ ದಾಟಿ, ತನ್ನ ಜನರೇಟರಿನ ಬ್ಯಾಟರಿ ಬಿಚ್ಚಿ ತಂದ. ತಂತಿ ಬಿಗಿದು ಗುಂಡಿ ಒತ್ತಿದ. ಅಲ್ಸೀಡನದು ಗುಡುಗುಟ್ಟಿ ಎದ್ದಿತು. ಒಳಗೆ ಜನ ಚಪ್ಪಾಳೆ ತಟ್ಟಿದರು.

ಅವನು ಬಾಗಿಲಿಗೆ ಬಂದದ್ದೇ ತಡ, ವರ್ಲೀನ್ ಹಿಡಿದುಕೊಂಡಳು. "ಊಟ ಬಿಟ್ಟು ಎಲ್ಲಿ ಹಾಳಾಗಿಹೋಗಿದ್ದೆ? ಕೇಳು, ಕೇಳಿಯಾದ್ರೂ ಕಲಿತುಕೋ! ಮಣ್ಣೊಳಗಿದ್ದೂ ಓಡಿಸ್ತಿದ್ದಾನೆ!"

ಮತ್ತೆ ಎಲ್ಲರೂ ನಕ್ಕರು. ಓಡೀಲ್ ಕಣ್ಣೊರೆಸಿಕೊಳ್ಳುತ್ತ ಬಟ್ಟಲು ತುಂಬಿ ಕ್ಲೋವಿಸನತ್ತ ಚಾಚಿದಳು.

ಅವನ ಎರಡೂ ಕೈಗೆ ಗ್ರೀಸು ಮೆತ್ತಿತ್ತು. ಕ್ಲೋವಿಸ್ ಅವನ್ನು ಕೋಟಿನ ಜೇಬಿನೊಳಗೆ ಇನ್ನಷ್ಟು ಆಳಕ್ಕೆ ತೂರಿಸಿ, ಹಬೆಯಾಡುವ ಬಟ್ಟಲನ್ನೇ ನೋಡುತ್ತ ನಿಂತ.