ಎತ್ತಿದ ಬೆರಳು

ಉಪ್ಪುನೀರಿನ ಆಚೆ, ಅಜ್ಜಿಯ ಕತೆಗಳೂ ಹೋಗಿ ಮುಟ್ಟದಷ್ಟು ದೂರದ ಗ್ರೀಸ್ ಎಂಬ ದೇಶದಲ್ಲಿ, ಒಂದು ಕಾಲದಲ್ಲಿ ಒಬ್ಬ ಜಟ್ಟಿ ಇದ್ದನಂತೆ. ಅಲ್ಲಿಯ ಪಂದ್ಯಗಳಲ್ಲಿ ಕುಸ್ತಿಯೂ ಗುದ್ದಾಟವೂ ಕಲೆತ ಒಂದು ಕಾಳಗ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು. ಬೇರೇನು ಮಾಡಿದರೂ ಆಯಿತು. ಸಾಕೆನಿಸಿದವನು ತೋರುಬೆರಳು ಎತ್ತಬೇಕು. ಎತ್ತಿದವನು ಸೋತ.

ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದ ಇದನ್ನು ದೋಹಾದ ಆಸ್ಪತ್ರೆಯಲ್ಲಿ ಕುಳಿತು, ಅಜ್ಜಿಯ ಧಾಟಿಯಲ್ಲಿ ಅಬ್ಬನಿಗೆ ಹೇಳುತ್ತಿದ್ದೆ. ಅಬ್ಬ ಹರೆಯದಲ್ಲಿ ಬಂಟ್ವಾಳದ ತಾಲೀಮಿನಲ್ಲಿ ಕುಸ್ತಿ ಆಡಿದವರು. ಆಮೇಲೆ ದೋಹಾದ ಹಳೇ ಪೇಟೆ ಸೂಕ್ ವಾಕಿಫ್‌ನ ಅಂಗಡಿಯಲ್ಲಿ ಅಕ್ಕಿಮೂಟೆ ಎತ್ತಿ ಎತ್ತಿ ಬೆನ್ನು ಬಾಗಿಸಿಕೊಂಡವರು. ಈಗ ಶ್ವಾಸಕೋಶದ ಕ್ಯಾನ್ಸರ್ ಹಿಂದಿನಿಂದ ಅವರ ಕುತ್ತಿಗೆ ಹಿಡಿದಿತ್ತು.

ಎದುರಾಳಿ ಹಾಗೇ ನಮ್ಮ ಜಟ್ಟಿಯ ಕತ್ತು ಅಮುಕಿದ, ಇವನು ಅವನ ಕಾಲ್ಬೆರಳು ತಿರುಚಿದ, ನೋವು ತಾಳದೆ ಎದುರಾಳಿಯೇ ಬೆರಳೆತ್ತಿದ ಅಂದೆ. ಗೆದ್ದವನು ಮನೆಗೆ ಹೋದನಾ ಎಂದು ಅಬ್ಬ ಕೇಳಿದರು. ಹೋದ ಅಂದೆ. ಗೆದ್ದ ಗಳಿಗೆಯಲ್ಲೇ ಜಟ್ಟಿಯ ಉಸಿರು ನಿಂತಿತ್ತು, ಹೆಣದ ತಲೆಗೇ ಎಲೆಯ ಕಿರೀಟ ಇಟ್ಟರು ಎಂಬುದನ್ನು ನುಂಗಿಕೊಂಡೆ.

"ಸುಳ್ಳುಬುರುಕಿ," ಅಬ್ಬ ನಕ್ಕರು. "ನಿನ್ನಜ್ಜಿಯೂ ಹೀಗೇ. ಜಿನ್ನುಗಳನ್ನು ಬಿಟ್ಟು ಯಾರನ್ನೂ ಸಾಯಲು ಬಿಡುತ್ತಿರಲಿಲ್ಲ."

ಕೆಮ್ಮು ಇಳಿದ ಮೇಲೆ ನನ್ನಿಂದ ಮಾತು ತೆಗೆದುಕೊಂಡರು. ಕೊನೆಗಳಿಗೆಯಲ್ಲಿ ಅವರ ಕಿವಿಗೆ ನಾನೇ ಕಲಿಮ, ದೇವನೊಬ್ಬನೇ ಎಂಬ ಸಾಕ್ಷಿಯ ಮಾತು, ಹೇಳಬೇಕು. "ಊರಲ್ಲಿರುವ ನಿನ್ನ ಅಣ್ಣನಿಗೆ ಫೋನ್ ಸಿಕ್ಕಿ, ವೀಸಾ ಆಗುವಷ್ಟರಲ್ಲಿ ಇಲ್ಲಿ ಖಲಾಸ್. ನೀನೇ ಹೇಳು ಮೋಳೇ, ನನ್ನ ಮಗಳಲ್ಲವಾ. ಅಳಬೇಡ."

ಆಗಲಿ ಅಂದೆ. ನೋವು ಮೀರಿದರೆ ನೀವು ಬೆರಳೆತ್ತಿ, ನಾನು ಸೂಜಿ ಹಾಕಿಸುತ್ತೇನೆ ಎಂದೂ ಅಂದೆ. ತಾಲೀಮಿನವರು ಬೆರಳೆತ್ತುವುದಿಲ್ಲ ಅಂದರು.

ಎತ್ತಲೂ ಇಲ್ಲ. ಶುಕ್ರವಾರ ಜುಮಾದ ಬಾಂಗ್ ಮುಗಿದ ಹೊತ್ತಿಗೆ ಮಾತ್ರ, ಹೊದಿಕೆಯ ಮೇಲಿದ್ದ ತೋರುಬೆರಳು ನಿಧಾನಕ್ಕೆ ನೆಟ್ಟಗಾಯಿತು. ಅಬ್ಬ ಸೋತರು ಎಂದುಕೊಂಡು ಓಡಿದೆ. ಉಡುಪಿಯ ನರ್ಸ್ ರೋಸಲಿನ್ ಅವರನ್ನು ಕೈಹಿಡಿದು ಎಳೆತಂದು, ಬೇಗ ಸೂಜಿ ಕೊಡಿ ಅಂದೆ.

ಅವರು ಸಿರಿಂಜ್ ಎತ್ತಿಕೊಂಡವರು ಹಾಗೇ ನಿಂತರು. "ಫಸೀಲಾ, ನೋವಿಗೆ ಮುಖ ಹೀಗಿರುವುದಿಲ್ಲ. ತುಟಿ ನೋಡು."

ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ನಮಾಜಿನಲ್ಲಿ ಕುಳಿತು ದೇವನೊಬ್ಬನೇ ಎನ್ನುವಾಗ ಎತ್ತುವ ಬೆರಳು ಅದು. ಚಿಕ್ಕಂದಿನಿಂದ ದಿನಾ ನಾನೂ ಎತ್ತಿದ ಬೆರಳೇ. ಕತೆಯ ಗುಂಗಿನಲ್ಲಿ ಗುರುತೇ ಹತ್ತಿರಲಿಲ್ಲ.

ಹಾಸಿಗೆಯಂಚಿನಲ್ಲಿ ಕುಳಿತು ಅಬ್ಬನ ಕಿವಿಗೆ ಬಾಯಿ ತಂದೆ. ಅಳದೆ, ಒಂದೊಂದೇ ಪದವಾಗಿ, ಕಲಿಮವನ್ನು ಪೂರ್ತಿ ಹೇಳಿ ಮುಗಿಸಿದೆ.