ಪೈಪಿನ ಕೋಪ

ನನ್ನ ಗಂಡನ ಮೂತ್ರದ ಚೀಲದಲ್ಲಿ ಕೆಂಪು ಕಂಡಾಗಲೆಲ್ಲ ನಮ್ಮ ಮನೆಯಲ್ಲಿ ಒಂದೇ ಮಾತು: ಪೈಪಿಗೆ ಕೋಪ ಬಂದಿದೆ. ಹತ್ತೊಂಬತ್ತು ವರ್ಷದ ಹಿಂದೆ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು ಅವರು. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಮೂತ್ರ ಹೋಗುವುದಕ್ಕೆ ಸದಾ ಒಳಗೊಂದು ಪೈಪು. ಅದು ಕೋಪಿಸಿಕೊಂಡರೆ ಐದು ದಿನ ಮಾತ್ರೆ ನುಂಗುವುದು, ಕೋಪ ಇಳಿಯುವುದು.

ಈ ಸಲ ಇಳಿಯಲಿಲ್ಲ.

"ನೋವೇ ಇಲ್ಲ ಕಣೇ. ನೀನು ಕಡ್ಡೀನ ಗುಡ್ಡ ಮಾಡ್ತೀಯ."

"ನಿಮಗೆ ಅಲ್ಲಿ ಯಾವತ್ತು ರೀ ನೋವು ಗೊತ್ತಾಗಿದೆ?" ಎಂದು ರೇಗಿದೆ. ಗಾಲಿಕುರ್ಚಿ ತಳ್ಳಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟೆ.

"ಇಷ್ಟು ವರ್ಷ ಪೈಪು, ಪದೇ ಪದೇ ಸೋಂಕು. ಇಂಥವರಿಗೆ ಮೂತ್ರಕೋಶದ ಕ್ಯಾನ್ಸರ್ ಬರೋ ಅಪಾಯ ಬೇರೆಯವರಿಗಿಂತ ಜಾಸ್ತಿ. ಒಳಗೆ ನೋಡಲೇಬೇಕು," ಎಂದರು ವೈದ್ಯೆ. 

ಕ್ಯಾಮೆರಾ ಒಳಹೊಕ್ಕಿತು. ಪರದೆಯ ಮೇಲೆ, ಅಬ್ಬಾ, ಗುಲಾಬಿ ಬಣ್ಣದ ಗೋಡೆ, ಅದರ ತುಂಬ ಕೂದಲೆಳೆಯಂಥ ರಕ್ತನಾಳ! ಒಂದು ಮೂಲೆಯಲ್ಲಿ ಪುಟ್ಟ ಬಾಯೊಂದು ತೆರೆದು, ಪಿಚಕ್ಕನೆ ಏನನ್ನೋ ಚಿಮ್ಮಿಸಿ, ಮುಚ್ಚಿಕೊಂಡಿತು.

"ಅದೇನು ಮೇಡಂ?" ಎಂದರು ಇವರು.

"ಮೂತ್ರಪಿಂಡದಿಂದ ಮೂತ್ರ ಬರೋ ದಾರಿ. ಹಗಲೂ ರಾತ್ರಿ ಹೀಗೇ."

ನನಗೆ ಮೈ ಜುಮ್ಮೆಂದಿತು. ಇವರಂತೂ ರೆಪ್ಪೆ ಬಡಿಯುವುದನ್ನೇ ಮರೆತಿದ್ದರು.

ಹಿಂದಿನ ಗೋಡೆ ಪೂರ್ತಿ ಕೆಂಪಾಗಿತ್ತು. "ಪೈಪು ಉಜ್ಜಿ ಹೀಗಾಗತ್ತೆ," ಎಂದು ವೈದ್ಯೆ ಕ್ಯಾಮೆರಾ ತಿರುಗಿಸಿದರು.

ಇವರ ಕಸುಬು ಹರಿದ ಬಟ್ಟೆಗೆ ರಫೂ ಮಾಡುವುದು. ಎಳೆಗೆ ಎಳೆ ಹೆಣೆದರೆ ಹರಿದದ್ದೆಲ್ಲಿ ಎಂದು ದೇವರಿಗೂ ತಿಳಿಯದು.

"ಮೇಡಂ, ಕ್ಯಾಮೆರಾ ಸ್ವಲ್ಪ ಹಿಂದೆ ತನ್ನಿ. ಮಿಕ್ಕಿದ್ದೆಲ್ಲ ಸವೆದ ಬಟ್ಟೆ. ಇಲ್ಲಿ ಇಷ್ಟೇ ಇಷ್ಟು, ನೇಯ್ಗೇನೇ ಬೇರೆ."

ನಾನು ಇವರ ಭುಜ ಹಿಸುಕಿದೆ; ವೈದ್ಯರಿಗೇ ಪಾಠ ಹೇಳುವುದೇ! ವೈದ್ಯೆ ಕ್ಯಾಮೆರಾ ಹಿಂದೆ ತಂದರು, ಬಹಳ ಹೊತ್ತು ನೋಡಿದರು, ಅಲ್ಲಿಂದಲೇ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಹತ್ತನೇ ದಿನ ವರದಿ ಬಂತು. ಕ್ಯಾನ್ಸರೇ. ಆದರೆ ಸ್ಕ್ಯಾನಿನಲ್ಲಿ ಎಲ್ಲೂ ಹರಡಿದ ಗುರುತಿರಲಿಲ್ಲ.

"ಇನ್ನಾರು ತಿಂಗಳು ಬಿಟ್ಟಿದ್ರೆ ಕಷ್ಟ ಇತ್ತು," ಎಂದರು ವೈದ್ಯೆ. "ಮೂತ್ರಕೋಶ ತೆಗೆದುಬಿಡೋಣ. ಉಳ್ಕೊಳ್ಳೋ ಭರವಸೆ ಚೆನ್ನಾಗಿದೆ."

ನಾನು ಗೊಳೋ ಎಂದು ಅತ್ತುಬಿಟ್ಟೆ. ಇವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಪೆನ್ನು ಕೈಯಲ್ಲೇ ಹಿಡಿದು ಕೂತರು.

"ಸೊಂಟದ ಕೆಳಗೆಲ್ಲ ಸತ್ತುಹೋಗಿದೆ ಅಂದ್ಕೊಂಡಿದ್ದೆ ಮೇಡಂ. ನೋಡಿದ್ರೆ ಪಾಪ, ಇಷ್ಟು ವರ್ಷ ಒಂದು ದಿನಾನೂ ರಜೆ ತಗೊಂಡಿಲ್ಲ ಅದು. ತೆಗೆಯೋ ಮುಂಚೆ ಇನ್ನೊಂದ್ಸಲ ತೋರಿಸ್ತೀರಾ?"