ತೊಟ್ಟಿಲಿನ ಪುಟಕ್ಕೆ ದಿನವೂ ಬರುವವರು ಯಾರು?

ಬೆತ್ತದ ಕುರ್ಚಿ, ತೊಟ್ಟಿಲು ಹೆಣೆಯುವ ಆ ಮುದುಕರನ್ನು ಬೀದಿಯವರೆಲ್ಲ ಬೆತ್ತದಜ್ಜ ಎಂದೇ ಕರೆಯುತ್ತಿದ್ದರು. ಅಂಗಡಿಗೊಂದು ವೆಬ್‌ಸೈಟ್ ಇತ್ತು. ಅದನ್ನು ನೋಡಿಕೊಳ್ಳುವವಳು ಸೊಸೆ. ಎಷ್ಟು ಜನ ಬಂದರು, ಯಾವ ಪುಟ ನೋಡಿದರು ಎಂದು ತಿಳಿಯಲು ಅವಳು ಒಂದು ಉಚಿತ ಸಾಧನ ಹಾಕಿದ್ದಳು. ವಾರಕ್ಕೊಮ್ಮೆ ಅದರ ವರದಿಯನ್ನು ಮಾವನ ಕೈಗೆ ಕೊಡುತ್ತಿದ್ದಳು.

ಅಜ್ಜನ ಕಣ್ಣು ನಿಲ್ಲುತ್ತಿದ್ದುದು ಒಂದೇ ಸಾಲಿನ ಮೇಲೆ. ದಿನವೂ ಬೆಳಿಗ್ಗೆ ಆರಕ್ಕೆ, ಇದೇ ಊರಿನಿಂದ, ಯಾರೋ ಒಬ್ಬರು ತೊಟ್ಟಿಲಿನ ಪುಟ ತೆರೆಯುತ್ತಿದ್ದರು. ಆ ಪುಟದ ಚಿತ್ರದಲ್ಲಿದ್ದುದು ಅಜ್ಜ ತಮ್ಮ ಮಗಳಿಗಾಗಿ ಹೆಣೆದಿದ್ದ ತೊಟ್ಟಿಲು. ಅದರಲ್ಲಿ ಮಲಗಿ ಬೆಳೆದ ಆ ಮಗಳು, ತಾಯಿ ತೀರಿಕೊಂಡ ವರ್ಷ ಅಪ್ಪನೊಡನೆ ಮುನಿಸಿಕೊಂಡು ಊರು ಬಿಟ್ಟಿದ್ದಳು. ನಾಲ್ಕು ವರ್ಷವಾಯಿತು, ವಿಳಾಸವಿಲ್ಲ, ಫೋನಿಲ್ಲ. ದೇವರು ಅವಳನ್ನು ಊರಿಗೆ ಮರಳಿ ತಂದಿರಬಹುದೇ?

"ದುಡ್ಡು ಕೊಟ್ಟು ತಗೊಳ್ಳೋ ಸಾಧನಾನೇ ಹಾಕಮ್ಮ," ಎಂದರು ಅಜ್ಜ. "ಮೊನ್ನೆ ಅದನ್ನ ಮಾರೋಕೆ ಬಂದಿದ್ದ ಏಜೆಂಟ್ ಹೇಳ್ದ, ಅದ್ರಲ್ಲಿ ಎಲ್ಲಾ ಗೊತ್ತಾಗುತ್ತಂತೆ. ನಾನು ಪುಕ್ಕಟೆ ಕುರ್ಚಿ ಕೊಟ್ರೆ ಮೂರೇ ಕಾಲಿರುತ್ತೆ, ತಿಳ್ಕೋ!"

ಸೊಸೆ ನಕ್ಕಳು. "ಅದು ದೊಡ್ಡವರಿಗೆ ಮಾವ. ದಿನಕ್ಕೆ ಲಕ್ಷ ಜನ ಬರೋರಿಗೆ, ಕೆಟ್ರೆ ಕೂಡ್ಲೇ ಸಹಾಯಕ್ಕೆ ಒಬ್ರು ಬೇಕು ಅನ್ನೋರಿಗೆ. ಬಂದವರ ಮಾಹಿತಿ ಬೇರೆಯವರ ಕೈಗೆ ಹೋಗ್ಬಾರ್ದು ಅಂತ್ಲೂ ಕೆಲವರು ದುಡ್ಡು ಕೊಡ್ತಾರೆ. ನಮ್ಮಲ್ಲಿಗೆ ಬರೋರು ಇಪ್ಪತ್ತು ಮಂದಿ. ಇಲಿ ಹಿಡಿಯೋಕೆ ಆನೆ ಸಾಕ್ಬೇಕಾ?"

"ಹೆಸರು ಹೇಳುತ್ತಾ, ಅದನ್ನ ಹೇಳು."

"ಸುಮ್ನೆ ನೋಡಿ ಹೋದವರ ಹೆಸರು ಎರಡು ಸಾಧನವೂ ಹೇಳಲ್ಲ ಮಾವ. ಹೇಳ್ಲೂಬಾರ್ದು." ಆರು ಗಂಟೆಯ ಸಾಲನ್ನು ನೋಡುತ್ತ ಅವಳು ಕೇಳಿದಳು: "ನೀವು ಬೆಳಿಗ್ಗೆ ಅಂಗಡಿ ಕಂಪ್ಯೂಟರಲ್ಲಿ ಏನು ನೋಡ್ತೀರಿ?"

"ಪ್ರಾರ್ಥನೆ ಮುಗಿಸಿ ಒಂದ್ಸಲ ತೊಟ್ಟಿಲು ನೋಡ್ತೀನಿ. ಯಾಕೆ?"

ಸೊಸೆಗೆ ತನ್ನ ತಪ್ಪು ಹೊಳೆಯಿತು. ನಮ್ಮವರೇ ನೋಡಿದರೂ ಸಾಧನ ಎಣಿಸುತ್ತದೆ; ಅಂಗಡಿಯ ಇಂಟರ್ನೆಟ್ ಸಂಪರ್ಕವನ್ನು ಎಣಿಕೆಯಿಂದ ಹೊರಗಿಡಬೇಕಿತ್ತು. ಅದನ್ನು ಅವಳು ಮರೆತಿದ್ದಳು. ಅಂದೇ ಸರಿಪಡಿಸಿ, ಅಂಗಡಿಯಿಂದ ನೋಡಿದ್ದು ಇನ್ನು ಲೆಕ್ಕಕ್ಕೆ ಬರುವುದಿಲ್ಲ ಎಂದು ಮಾವನಿಗೆ ಹೇಳಿದಳು.

ಮುಂದಿನ ವಾರದ ವರದಿಯಲ್ಲಿ ಆರು ಗಂಟೆಯ ಸಾಲು ಇರಲಿಲ್ಲ.

ಅಜ್ಜ ಹಾಳೆಯನ್ನು ತಿರುಗಿಸಿಯೂ ನೋಡಿದರು. "ಹಾಗಾದ್ರೆ ಬಂದಿದ್ದು ನಾನೇ."

"ಹೌದು ಮಾವ." ಅವಳು ಪಕ್ಕದಲ್ಲಿ ಕುಳಿತಳು. "ಆದ್ರೆ ಇಲ್ನೋಡಿ. ತೊಟ್ಟಿಲು ನೋಡಿದವರಲ್ಲಿ ಮುಕ್ಕಾಲು ಮಂದಿ ಅಲ್ಲಿಂದ್ಲೇ ಹೊರಟು ಹೋಗಿದ್ದಾರೆ. ಆ ಪುಟದಲ್ಲಿ ನಮ್ಮ ಫೋನ್ ನಂಬರೇ ಇಲ್ಲ. ಯಾರು ಬಂದ್ರೂ ಮಾತಾಡಿಸೋದು ಹೇಗೆ?"

ಅಜ್ಜ ಹಾಳೆಯನ್ನು ಮಡಿಚಿಟ್ಟರು. "ದುಡ್ಡಿನದು ಬೇಡ ಬಿಡು. ನಂಬರ್ ಹಾಕು. ಅದರ ಕೆಳಗೆ ನಾನು ಹೇಳಿದ್ದು ಬರಿ: ಈ ತೊಟ್ಟಿಲು ಮಾರಾಟಕ್ಕಿಲ್ಲ. ಇದು ನನ್ನ ಮಗಳದು. ಅವಳೇ ಬಂದು ಒಯ್ಯಲಿ."

ಓದುಗರೇ, ನಿಮ್ಮ ಅಂಗಡಿಗೂ ವೆಬ್‌ಸೈಟ್ ಇದ್ದರೆ, ಹಣ ಕೊಡುವ ಮೊದಲು ಉಚಿತ ಸಾಧನವನ್ನೇ ಸರಿಯಾಗಿ ಹೊಂದಿಸಿ. ನಿಮ್ಮ ಭೇಟಿಗಳನ್ನು ಎಣಿಕೆಯಿಂದ ತೆಗೆಯಿರಿ. ಭೇಟಿ ಎಣಿಸಲು ಬಂದವರ ಒಪ್ಪಿಗೆ ಕೇಳಿ. ಅದು ಸಾಲದಷ್ಟು ವ್ಯಾಪಾರ ಬೆಳೆದಾಗ ಹಣದ್ದನ್ನು ಕೊಳ್ಳಿ. ಯಾವ ಸಾಧನವೂ ಮನುಷ್ಯರನ್ನು ಕರೆತರುವುದಿಲ್ಲ, ಕರೆಯಬೇಕಾದವರು ನಾವು. ಇಂದೇ ಕರೆಯಿರಿ.